ಜಾಝ್ ಎಲ್ಲಿಂದ ಶುರು ಮಾಡಲಿ ಅಂದಿರಿ: ಆಲ್ಬಮ್ಮಿನ ಹಿಂಬದಿಯ ಹೆಸರುಗಳಿಂದ

ನಿಮ್ಮ ಪ್ರಶ್ನೆ ಇಷ್ಟು. ಚಿಕ್ಕಂದಿನಲ್ಲಿ ಸ್ವಲ್ಪ ಕರ್ನಾಟಕ ಸಂಗೀತ ಕಲಿತಿದ್ದೀರಿ. ಈಗ ಜಾಝ್ ಬಗ್ಗೆ ತಿಳಿದುಕೊಳ್ಳಬೇಕು, ಹೊಸದಾಗಿ ಬರೋದನ್ನೂ ಕೇಳುತ್ತಾ ಇರಬೇಕು. ಅದಕ್ಕೆ ಒಳ್ಳೆಯ ಪುಸ್ತಕ, ರೇಡಿಯೋ, ಪತ್ರಿಕೆ ಯಾವುದು ಅಂತ ಕೇಳಿದ್ದೀರಿ. ಎಲ್ಲ ಹೇಳುತ್ತೇನೆ. ಮೊದಲು ಒಂದು ಮಾತು: ಆ್ಯಪ್‌ನಲ್ಲಿ ‘ಜಾಝ್’ ಅಂತ ಹುಡುಕಿ ಸಿಕ್ಕಿದ ಪ್ಲೇಲಿಸ್ಟ್ ಹಾಕಿಕೊಂಡು ಕೂರಬೇಡಿ. ನಾನು ಎರಡು ವರ್ಷ ಅದನ್ನೇ ಮಾಡಿದೆ. ಕೆಲಸ ಮಾಡುವಾಗ ಪಕ್ಕದಲ್ಲಿ ಹಾಯಾಗಿ ಏನೋ ಕೇಳಿಸುತ್ತಿತ್ತು, ನಿಜ. ಆದರೆ ನುಡಿಸಿದವರ ಒಂದು ಹೆಸರೂ ತಲೆಯಲ್ಲಿ ಉಳಿಯಲಿಲ್ಲ. ಜಾಝ್‌ನಲ್ಲಿ ಹೆಸರು ಗೊತ್ತಿಲ್ಲದಿದ್ದರೆ ಮುಂದಕ್ಕೆ ದಾರಿಯೇ ಸಿಗೋದಿಲ್ಲ. ನಾವು ಕಛೇರಿಗೆ ಹೊರಡುವಾಗ ‘ಪಕ್ಕವಾದ್ಯ ಯಾರದ್ದು?’ ಅಂತ ಕೇಳ್ತೀವಲ್ವಾ? ಅದೇ ಪ್ರಶ್ನೆ ಇಲ್ಲೂ ಕೇಳಬೇಕು.

ಒಂದೇ ಆಲ್ಬಮ್ ತೆಗೆದುಕೊಳ್ಳೋಣ. ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’. 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಸ್ಟುಡಿಯೋದಲ್ಲಿ ಎರಡೇ ದಿನಕ್ಕೆ ಮುಗಿದ ಕೆಲಸ ಅದು. ಹೊಸಬರಿಗೆ ಎಲ್ಲರೂ ಇದನ್ನೇ ಹೇಳುತ್ತಾರೆ. ನಾನು ನಿಮಗೆ ಹೇಳೋದಕ್ಕೆ ಬೇರೆ ಕಾರಣ ಇದೆ: ನಿಮಗೆ ತಾಳ ಹಾಕೋಕೆ ಬರುತ್ತೆ.

ಮೊದಲನೆಯ ‘ಸೋ ವಾಟ್’ ಹಾಕಿ. ಶುರುವಿನಲ್ಲಿ ಬೇಸ್ (ದಪ್ಪ ದನಿಯ ದೊಡ್ಡ ತಂತಿವಾದ್ಯ) ಮತ್ತು ಪಿಯಾನೋ ತಾಳವಿಲ್ಲದೆ ಮೆಲ್ಲಗೆ ಓಡಾಡುತ್ತವೆ, ಆಲಾಪನೆ ಥರ. ಆಮೇಲೆ ಬೇಸ್ ಲಯ ಹಿಡಿದು ಏನೋ ಕೇಳುತ್ತದೆ, ಪಿಯಾನೋ ಎರಡು ಏಟಿನಲ್ಲಿ ಉತ್ತರ ಕೊಡುತ್ತದೆ. ಇದನ್ನು ಸುಮ್ನೆ ಕೇಳಿ. ಸುಮಾರು ಒಂದೂವರೆ ನಿಮಿಷಕ್ಕೆ ಮೈಲ್ಸ್ ಅವರ ಟ್ರಂಪೆಟ್ ಒಂಟಿಯಾಗಿ ಹೊರಡುತ್ತದೆ. ಅದೇ ಹೊತ್ತಿಗೆ ಡ್ರಮ್ಸ್‌ನಲ್ಲಿರುವ ಜಿಮ್ಮಿ ಕಾಬ್ ಸಿಂಬಲ್ ಮೇಲೆ ಒಂದು ಏಟು ಹಾಕುತ್ತಾರೆ. ಅದರ ಝೇಂಕಾರ ಎಷ್ಟೋ ಹೊತ್ತು ನಿಲ್ಲುತ್ತದೆ. ಅದೇ ನಿಮ್ಮ ಸಮ. ಅಲ್ಲಿಂದ ತೊಡೆಯ ಮೇಲೆ ಆದಿತಾಳ ಹಾಕಿ. ಬೇಸಿನ ಒಂದೊಂದು ಹೆಜ್ಜೆಗೆ ಒಂದೊಂದು ಅಕ್ಷರ.

8 ಆವರ್ತ ಮುಗಿಯುವ ತನಕ ಎಲ್ಲ ಒಂದೇ ಸ್ವರಗಳ ಮೇಲೆ ನಡೆಯುತ್ತದೆ. ಆ ಸ್ವರಗಳು ನಿಮಗೆ ಗೊತ್ತಿರೋವೇ, ಖರಹರಪ್ರಿಯದವು. ಎರಡು ಮನೆ ಶ್ರುತಿ. (ಗಮಕ ಇಲ್ಲ, ಹಾಗಾಗಿ ರಾಗ ಅಂತ ಕೇಳಬೇಡಿ, ಸ್ವರಗಳು ಮಾತ್ರ ಅವು.) 9ನೇ ಆವರ್ತ ಬರುತ್ತಿದ್ದ ಹಾಗೆ ಶ್ರುತಿಯೇ ಎರಡೂವರೆ ಮನೆಗೆ ಏರಿಬಿಡುತ್ತದೆ! ಕಛೇರಿ ನಡುವೆ ಯಾರೋ ತಂಬೂರಿಯ ತಂತಿ ಬಿಗಿದ ಹಾಗೆ. ಮೊದಲ ಸಲ ಇದು ಕಿವಿಗೆ ಬಿದ್ದಾಗ ನನ್ನ ಕೈ ತಾನಾಗಿ ನಿಂತುಹೋಗಿತ್ತು. ಅಲ್ಲಿ 4 ಆವರ್ತ, ಮತ್ತೆ ಕೆಳಗಿಳಿದು 4 ಆವರ್ತ. ಒಟ್ಟು 16. ಜಾಝ್‌ನವರ ಲೆಕ್ಕದಲ್ಲಿ ಇದು 32 ಬಾರ್, ಇಂಥ ಒಂದು ಸುತ್ತಿಗೆ ‘ಕೋರಸ್’ ಅಂತಾರೆ. ಮೈಲ್ಸ್ ಎರಡು ಸುತ್ತು ನುಡಿಸುತ್ತಾರೆ, ಸ್ಯಾಕ್ಸೋಫೋನಿನ ಜಾನ್ ಕೋಲ್ಟ್ರೇನ್ ಎರಡು, ಇನ್ನೊಂದು ಸ್ಯಾಕ್ಸೋಫೋನಿನ ಕ್ಯಾನನ್‌ಬಾಲ್ ಆಡರ್ಲಿ ಎರಡು, ಪಿಯಾನೋದ ಬಿಲ್ ಇವಾನ್ಸ್ ಒಂದು. ಎಣಿಕೆ ತಪ್ಪದೆ ಇಷ್ಟು ದಾಟಿದರೆ ‘ಇವರು ಮನಸ್ಸಿಗೆ ಬಂದದ್ದು ನುಡಿಸ್ತಾರೆ’ ಅನ್ನೋ ಭಾವನೆ ಹೋಗುತ್ತದೆ. ನಮ್ಮ ಕಲ್ಪನಾಸ್ವರದ ಹಾಗೆ ಅವರ ಓಡಾಟಕ್ಕೂ ಒಂದು ಲೆಕ್ಕ ಇದೆ.

ಇನ್ನು ಹೆಸರುಗಳಿಗೆ ಬರೋಣ. ನನ್ನ ಮಟ್ಟಿಗೆ ಜಾಝ್ ಕಲಿಯೋಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ: ಇಷ್ಟವಾದ ಆಲ್ಬಮ್ಮಿನಲ್ಲಿ ಒಬ್ಬರನ್ನು ಹಿಡಿದುಕೊಂಡು, ಅವರು ಮುಂದೆ ಎಲ್ಲಿ ಹೋದರೋ ಅಲ್ಲಿಗೆ ಹೋಗಿ. ನಾನು ಬಿಲ್ ಇವಾನ್ಸ್ ಅವರನ್ನು ಹಿಡಿದೆ. ಅವರು 1961ರ ಜೂನ್ 25ಕ್ಕೆ ಕರೆದುಕೊಂಡು ಹೋದರು. ಅವತ್ತು ಭಾನುವಾರ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಅನ್ನುವ ನೆಲಮಾಳಿಗೆಯ ಕ್ಲಬ್ಬಿನಲ್ಲಿ ಮಧ್ಯಾಹ್ನದಿಂದ ರಾತ್ರಿವರೆಗೆ ನುಡಿಸಿದ್ದನ್ನು ರೆಕಾರ್ಡ್ ಮಾಡಿದ್ದಾರೆ. ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ಲೋಟಗಳು ಒಂದಕ್ಕೊಂದು ತಾಗುವ ಸದ್ದು, ಯಾರದೋ ಮಾತು, ನಗು ಎಲ್ಲ ಕೇಳಿಸುತ್ತದೆ. ಬೇಸ್ ನುಡಿಸಿದ ಸ್ಕಾಟ್ ಲಫಾರೋಗೆ ಆಗ 25 ವರ್ಷ. ಪಿಯಾನೋದ ಹಿಂದೆ ನಡೆಯದೆ, ಅದರ ಜೊತೆ ಮಾತಿಗೆ ಮಾತು ಆಡುತ್ತದೆ ಆ ಬೇಸ್. ಹನ್ನೊಂದು ದಿನ ಆದ ಮೇಲೆ, ಜುಲೈ 6ರಂದು, ಆತ ಕಾರು ಅಪಘಾತದಲ್ಲಿ ತೀರಿಕೊಂಡ. ಇದು ಗೊತ್ತಾದ ಮೇಲೆ ಆ ರೆಕಾರ್ಡ್ ನನಗೆ ಬೇರೆಯೇ ಆಗಿಬಿಟ್ಟಿತು. ಇವತ್ತಿಗೂ ಕೊನೆಯವರೆಗೆ ಕೂತು ಕೇಳದೆ ಎದ್ದು ಹೋಗೋಕೆ ಆಗೋದಿಲ್ಲ.

ಅಲ್ಲಿ ಡ್ರಮ್ಸ್ ಪಾಲ್ ಮೋಶನ್ ಅವರದ್ದು. ಈಗ ಅವರನ್ನು ಹಿಡಿಯಿರಿ. 1980ರ ದಶಕದಿಂದ ಅವರು ಗಿಟಾರಿನ ಬಿಲ್ ಫ್ರಿಸೆಲ್, ಸ್ಯಾಕ್ಸೋಫೋನಿನ ಜೋ ಲೊವಾನೋ ಜೊತೆ ಮೂವರ ತಂಡ ಕಟ್ಟಿದರು. ಬೇಸೇ ಇಲ್ಲದ ತಂಡ. 2005ರಲ್ಲಿ ಇಸಿಎಮ್ ಕಂಪನಿಯಿಂದ ಬಂದ ಅವರ ಆಲ್ಬಮ್ ಕೇಳಿ. ಮೋಶನ್ 2011ರಲ್ಲಿ ತೀರಿಕೊಂಡರು. ಫ್ರಿಸೆಲ್ 2020ರಲ್ಲಿ ಬ್ಲೂ ನೋಟ್ ಕಂಪನಿಗೆ ಬೇಸಿನ ಥಾಮಸ್ ಮಾರ್ಗನ್, ಡ್ರಮ್ಸಿನ ರೂಡಿ ರಾಯ್ಸ್ಟನ್ ಜೊತೆ ಮಾಡಿದ ಆಲ್ಬಮ್ ಇದೆ. ನೋಡಿ, 1959ರಿಂದ ಹೊರಟು ಬರೀ ನಾಲ್ಕು ಹೆಜ್ಜೆಗೆ ನಮ್ಮ ಕಾಲಕ್ಕೆ ಬಂದುಬಿಟ್ಟಿರಿ. ಹಳೆಯದು ಕಲಿಯೋದು, ಹೊಸದು ಕೇಳೋದು ಬೇರೆ ಬೇರೆ ಕೆಲಸ ಅಲ್ಲವೇ ಅಲ್ಲ. ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಈ ಹೆಸರುಗಳ ಪಟ್ಟಿ ಎಷ್ಟೋ ಸಲ ಪೂರ್ತಿ ಇರೋದಿಲ್ಲ. ಡಿಸ್ಕಾಗ್ಸ್ ಸೈಟ್‌ನಲ್ಲಿ ಹುಡುಕಿ. ಜನ ರೆಕಾರ್ಡಿನ ಹಿಂಬದಿಯ ಫೋಟೋ ಕೂಡ ಹಾಕಿರುತ್ತಾರೆ.

ರೇಡಿಯೋ ಬೇಕು ಅಂದರೆ ಡಬ್ಲ್ಯೂಬಿಜಿಒ. ನ್ಯೂಜೆರ್ಸಿಯ ನೆವಾರ್ಕ್ ಊರಿನದು, ಇಂಟರ್ನೆಟ್‌ನಲ್ಲಿ ಪುಕ್ಕಟೆ ಕೇಳಬಹುದು. ಅಲ್ಲಿ ಮನುಷ್ಯರು ಕೂತು ಹಾಕುತ್ತಾರೆ, ಯಾರು ಏನು ನುಡಿಸಿದರು ಅಂತ ಹೇಳುತ್ತಾರೆ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ.

ಇದಕ್ಕಿಂತ ನನಗೆ ಜಾಸ್ತಿ ಕಲಿಸಿದ್ದು ‘ಪಿಯಾನೋ ಜಾಝ್’ ಅನ್ನುವ ಹಳೆಯ ಕಾರ್ಯಕ್ರಮ. 1978ರಲ್ಲಿ ಅಮೆರಿಕದ ಎನ್‌ಪಿಆರ್ ರೇಡಿಯೋದಲ್ಲಿ ಶುರುವಾಗಿ 30 ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಅದನ್ನು ನಡೆಸಿಕೊಡುತ್ತಿದ್ದ ಮೇರಿಯನ್ ಮೆಕ್‌ಪಾರ್ಟ್‌ಲ್ಯಾಂಡ್ ಅವರೇ ದೊಡ್ಡ ಪಿಯಾನೋ ವಾದಕಿ. ಬಂದವರ ಜೊತೆ ಮಾತಾಡುತ್ತಾರೆ, ‘ಅದು ಹೇಗೆ ಮಾಡಿದಿರಿ?’ ಅಂತ ಕೇಳುತ್ತಾರೆ, ಬಂದವರು ಅಲ್ಲೇ ನುಡಿಸಿ ತೋರಿಸುತ್ತಾರೆ. ಆಮೇಲೆ ಇಬ್ಬರೂ ಸೇರಿ ನುಡಿಸುತ್ತಾರೆ. ಬಿಲ್ ಇವಾನ್ಸ್ ಬಂದ ಕಂತನ್ನು ಬಿಡಲೇಬೇಡಿ. ಇಬ್ಬರು ಬಲ್ಲವರು ಮನೆಯ ಜಗುಲಿಯಲ್ಲಿ ಕೂತು ಮಾತಾಡೋದನ್ನು ಪಕ್ಕದಲ್ಲೇ ಕೂತು ಕೇಳಿದ ಹಾಗಿರುತ್ತದೆ. ಎಷ್ಟೋ ಕಂತುಗಳು ಎನ್‌ಪಿಆರ್ ಸೈಟ್‌ನಲ್ಲಿವೆ.

ಪುಸ್ತಕ ಒಂದೇ ಸಾಕು ಈಗ: ಟೆಡ್ ಜಿಯೋಯಾ ಅವರ ‘ಹೌ ಟು ಲಿಸನ್ ಟು ಜಾಝ್’, 2016ರದ್ದು. ಚಿಕ್ಕದು, ಹೊಸಬರಿಗೇ ಬರೆದದ್ದು. ಕೆನ್ ಬರ್ನ್ಸ್ ಅವರ 2001ರ ಸಾಕ್ಷ್ಯಚಿತ್ರ ಸರಣಿಯೂ ನೋಡಿ, 10 ಕಂತು. ನ್ಯೂ ಆರ್ಲಿಯನ್ಸ್, ಲೂಯಿ ಆರ್ಮ್‌ಸ್ಟ್ರಾಂಗ್, ಡ್ಯೂಕ್ ಎಲಿಂಗ್ಟನ್ ಬಗ್ಗೆ ಅದರಲ್ಲಿರೋದು ಚಿನ್ನ. ಆದರೆ 1960ರ ನಂತರದ್ದನ್ನೆಲ್ಲ ಕೊನೆಯ ಕಂತಿಗೆ ತುರುಕಿದ್ದಾರೆ. ಜಾಝ್ ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ.

ಹೊಸದಕ್ಕೆ ‘ಡೌನ್‌ಬೀಟ್’ ಪತ್ರಿಕೆ, 1934ರಿಂದ ಬರುತ್ತಿದೆ. ಪ್ರತಿ ವರ್ಷ ವಿಮರ್ಶಕರಿಂದ ವೋಟು ಹಾಕಿಸುತ್ತಾರೆ. ಅದರಲ್ಲಿ ಗೆದ್ದ ದೊಡ್ಡವರನ್ನು ಬಿಟ್ಟು, ‘ರೈಸಿಂಗ್ ಸ್ಟಾರ್’ ಪಟ್ಟಿ ನೋಡಿ. ಅಲ್ಲಿಂದ ಒಂದೈದು ಹೆಸರು ಬರೆದುಕೊಂಡರೆ ವರ್ಷಕ್ಕೆ ಸಾಕು. ಜೊತೆಗೆ ನ್ಯೂಯಾರ್ಕಿನ ಸ್ಮಾಲ್ಸ್ ಅನ್ನುವ ಪುಟ್ಟ ಕ್ಲಬ್ಬು ತನ್ನ ಕಾರ್ಯಕ್ರಮಗಳನ್ನು ಆನ್‌ಲೈನ್‌ನಲ್ಲಿ ನೇರ ತೋರಿಸುತ್ತದೆ. ಅವರ ಬೇಸಿಗೆಯಲ್ಲಿ ಅಲ್ಲಿ ಸಂಜೆ ಏಳೂವರೆ ಅಂದರೆ ನಮಗೆ ಮರುದಿನ ಬೆಳಗ್ಗೆ ಐದು. ಡಿಕಾಕ್ಷನ್ ಇಳಿಯುವ ಹೊತ್ತಿಗೆ ಫೋನಿನಲ್ಲಿ ಹಾಕಿ ಅಡುಗೆಮನೆ ಕಟ್ಟೆಗೆ ಒರಗಿಸಿ ಇಡುತ್ತೇನೆ. ಊರು ಇನ್ನೂ ಎದ್ದಿರೋದಿಲ್ಲ, ಅಲ್ಲಿ ಯಾರೋ ಬೆವರು ಒರೆಸಿಕೊಳ್ಳುತ್ತಾ ಸ್ಯಾಕ್ಸೋಫೋನ್ ಊದುತ್ತಿರುತ್ತಾರೆ.

ಕೊನೆಗೆ ಇನ್ನೊಂದು ಹೆಸರು. ಚಾರ್ಲ್ಸ್ ಮಿಂಗಸ್ ಅವರ 1963ರ ‘ದಿ ಬ್ಲ್ಯಾಕ್ ಸೇಂಟ್ ಆ್ಯಂಡ್ ದಿ ಸಿನ್ನರ್ ಲೇಡಿ’ ಹಿಂಬದಿ ನೋಡಿದರೆ ಆಲ್ಟೋ ಸ್ಯಾಕ್ಸೋಫೋನ್ ಎದುರು ಚಾರ್ಲಿ ಮಾರಿಯಾನೋ ಅಂತ ಇರುತ್ತದೆ. ಅವರನ್ನು ಹಿಡಿದು ಹೊರಟರೆ ನೇರ ಬೆಂಗಳೂರಿಗೇ ಬರುತ್ತೀರಿ. 1983ರಲ್ಲಿ ಅವರು ಇಲ್ಲಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದ ಜೊತೆ ಇಸಿಎಮ್‌ಗೆ ‘ಜ್ಯೋತಿ’ ಅನ್ನುವ ಆಲ್ಬಮ್ ಮಾಡಿದರು. ಮೃದಂಗ ಟಿ.ಎ.ಎಸ್. ಮಣಿ, ಹಾಡಿದವರು ಆರ್.ಎ. ರಮಾಮಣಿ. ನಿಮ್ಮ ಕಿವಿಗೆ ಅದರಲ್ಲಿ ಅರ್ಧ ಮನೆಯದೇ ಸಂಗೀತ. ಅದು ಎರಡನೆಯ ವಾರಕ್ಕಿರಲಿ. ಈ ವಾರ ‘ಸೋ ವಾಟ್’ ಒಂದೇ. ತಾಳ ಹಾಕಿ, ಎಷ್ಟನೇ ಆವರ್ತದಲ್ಲಿ ಕೈ ತಪ್ಪಿತು ಅಂತ ಇಲ್ಲೇ ಬರೆಯಿರಿ, ಅಲ್ಲಿಂದ ಮುಂದೆ ನೋಡೋಣ.