ಮೀನಿನ ರೇಟ್ ತೋರಿಸಲು ಜೆಕ್ವೆರಿ ಬೇಕಾ?

ಮಲ್ಪೆಯ ಮೀನಿನ ಅಂಗಡಿಗೆ ಸೈಟ್ ಮಾಡ್ತಿದ್ದೀರಿ. ಪೇಜ್ ರೀಲೋಡ್ ಆಗದೆ ಬಂಗುಡೆ, ಅಂಜಲ್‌ನ ದಿನದ ರೇಟ್ ಬದಲಾಗಬೇಕು, ಆರ್ಡರ್ ಹೋಗಬೇಕು. ಇದಕ್ಕೆ ಜೆಕ್ವೆರಿ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ (ಬೇರೆಯವರು ಬರೆದಿಟ್ಟ ರೆಡಿಮೇಡ್ ಕೋಡ್) ಹಾಕಲಾ, ನಾನೇ ಕೋಡ್ ಬರೆಯಲಾ ಅಂತ ಕೇಳಿದ್ದೀರಿ. ನೀವೇ ಬರೆಯಿರಿ. ಮಂಗಳೂರಿನಲ್ಲಿ ಇಂಥ ಸಣ್ಣ ಸೈಟ್‌ಗಳನ್ನೇ ಮಾಡುವ ನಾನೂ ಈಗ ಹಾಗೇ ಮಾಡುತ್ತೇನೆ.

2006ರಲ್ಲಿ ಜೆಕ್ವೆರಿ ಬಂದಾಗ ಅದು ನಿಜಕ್ಕೂ ಬೇಕಿತ್ತು. ಹಳೇ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಒಂದು ಥರ, ಫೈರ್‌ಫಾಕ್ಸ್‌ಗೆ ಇನ್ನೊಂದು ಥರ ಕೋಡ್ ಬರೆಯಬೇಕಿತ್ತು. 2015ರಲ್ಲಿ ಕ್ರೋಮ್, ಫೈರ್‌ಫಾಕ್ಸ್‌ಗೆ ಫೆಚ್ (ಪೇಜ್ ರೀಲೋಡ್ ಮಾಡದೆ ಸರ್ವರ್ ಜೊತೆ ಮಾತಾಡಲು ಬ್ರೌಸರ್‌ನಲ್ಲೇ ಇರುವ ಫಂಕ್ಷನ್) ಬಂತು, 2017ರಲ್ಲಿ ಸಫಾರಿಗೂ ಬಂತು. ಆ ತೊಂದರೆ ಮುಗಿಯಿತು.

ಆದರೆ ಲೈಬ್ರರಿ ಸುಮ್ನೆ ನೋಡಿಕೊಳ್ಳುತ್ತಿದ್ದ ಒಂದು ಕೆಲಸ ಈಗ ನಿಮ್ಮ ತಲೆ ಮೇಲೆ ಬರುತ್ತದೆ. ಸರ್ವರ್ 404 (ಕೇಳಿದ್ದು ಸಿಗಲಿಲ್ಲ) ಅಥವಾ 500 (ಸರ್ವರ್‌ನಲ್ಲೇ ತಪ್ಪಾಯಿತು) ಕೊಟ್ಟರೂ ಫೆಚ್ ಅದನ್ನು ಎರರ್ ಅಂತ ಎಣಿಸುವುದಿಲ್ಲ, ಎರರ್ ಹಿಡಿಯುವ ಕ್ಯಾಚ್‌ಗೆ ಹೋಗುವುದಿಲ್ಲ. ರೆಸ್ಪಾನ್ಸ್‌ನ ‘ಓಕೆ’ ಟ್ರೂ ಇದೆಯಾ ಅಂತ ನೀವೇ ನೋಡಬೇಕು. ನೋಡದಿದ್ದರೆ ಗಿರಾಕಿಗೆ ‘ಆರ್ಡರ್ ಆಯ್ತು’ ಅಂತ ಕಾಣುತ್ತದೆ, ನಿಮ್ಮ ಹತ್ತಿರ ಆರ್ಡರೇ ಇರುವುದಿಲ್ಲ.

ಟೈಮ್‌ಔಟ್ ಕೂಡ ಹಾಕಿ. ಆಗಸ್ಟ್‌ನಲ್ಲಿ ಬೋಟ್‌ಗಳು ಮತ್ತೆ ಕಡಲಿಗೆ ಇಳಿಯುವಾಗ ನಮ್ಮಲ್ಲಿ ಇನ್ನೂ ಜೋರು ಮಳೆ, ಅಲ್ವಾ? ಹೆಬ್ರಿ ಕಡೆಯ ಗಿರಾಕಿಯ ಫೋನ್‌ನಲ್ಲಿ ಸಿಗ್ನಲ್ ಕಡ್ಡಿ ಕಾಣುತ್ತದೆ, ಡೇಟಾ ಹೋಗುವುದಿಲ್ಲ. ಫೆಚ್‌ಗೆ ಅಬಾರ್ಟ್‌ಸಿಗ್ನಲ್‌ನ (ರಿಕ್ವೆಸ್ಟನ್ನು ನಡುವೆಯೇ ನಿಲ್ಲಿಸಲು ಬ್ರೌಸರ್‌ನಲ್ಲಿರುವ ಸೌಲಭ್ಯ) ಟೈಮ್‌ಔಟ್ ಕೊಟ್ಟು, ಹತ್ತು ಸೆಕೆಂಡಿಗೆ ನಿಲ್ಲಿಸಿ, ‘ಮತ್ತೆ ಪ್ರಯತ್ನಿಸಿ’ ಬಟನ್ ತೋರಿಸಿ. ಇಲ್ಲಿ ಹುಷಾರು: ನೀವು ನಿಲ್ಲಿಸಿದ ರಿಕ್ವೆಸ್ಟ್ ಅಷ್ಟರಲ್ಲಿ ಸರ್ವರ್ ಮುಟ್ಟಿರಬಹುದು. ಗಿರಾಕಿ ಮತ್ತೆ ಒತ್ತಿದರೆ ಒಂದು ಕಿಲೋ ಅಂಜಲ್ ಎರಡು ಕಿಲೋ ಆಗುತ್ತದೆ. ಅದಕ್ಕೇ ಪ್ರತಿ ಆರ್ಡರ್‌ಗೂ ಬ್ರೌಸರ್‌ನಲ್ಲೇ ಒಂದು ಐಡಿ ಮಾಡಿ ಕಳಿಸಿ. ಮತ್ತೆ ಒತ್ತಿದಾಗಲೂ ಅದೇ ಐಡಿ ಹೋಗಲಿ. ಅದೇ ಐಡಿ ಎರಡನೇ ಸಲ ಬಂದರೆ ಸರ್ವರ್ ಅದನ್ನು ಹೊಸ ಆರ್ಡರ್ ಅಂತ ಬರೆದುಕೊಳ್ಳದಂತೆ ಮಾಡಿ. ಈ ಕೆಲಸವನ್ನು ಜೆಕ್ವೆರಿಯೂ ಮಾಡಿಕೊಡುವುದಿಲ್ಲ, ಆಕ್ಸಿಯೋಸ್ ಎಂಬ ಇನ್ನೊಂದು ಲೈಬ್ರರಿ ಕೂಡ ಮಾಡಿಕೊಡುವುದಿಲ್ಲ.

ಇದೆಲ್ಲವನ್ನೂ ಒಂದೇ ಫಂಕ್ಷನ್‌ನಲ್ಲಿಟ್ಟು ಎಲ್ಲ ಕಡೆ ಅದನ್ನೇ ಕರೆಯಿರಿ. ಇಪ್ಪತ್ತು ಸಾಲು ಸಾಕು.

ಮೀನಿನ ಫೋಟೋ ಅಪ್‌ಲೋಡ್ ಮಾಡುವಾಗ ಎಷ್ಟು ಪರ್ಸೆಂಟ್ ಹೋಯಿತು ಅಂತ ತೋರಿಸಬೇಕಿದ್ದರೆ ಮಾತ್ರ ಆಕ್ಸಿಯೋಸ್ ಹಾಕಿ, ಫೆಚ್‌ನಲ್ಲಿ ಅದು ಸುಲಭವಿಲ್ಲ. ನಿಮ್ಮ ಥೀಮ್‌ನಲ್ಲಿ ಜೆಕ್ವೆರಿ ಮೊದಲೇ ಇದ್ದರೆ ಅದನ್ನೇ ಬಳಸಿದರೂ ತಪ್ಪಿಲ್ಲ. ಅದು ಸ್ಲಿಮ್ ಫೈಲ್ (ಜೆಕ್ವೆರಿಯ ಚಿಕ್ಕ ಆವೃತ್ತಿ) ಅಲ್ಲ ತಾನೇ ನೋಡಿಕೊಳ್ಳಿ, ಸ್ಲಿಮ್‌ನಲ್ಲಿ ಸರ್ವರ್ ಜೊತೆ ಮಾತಾಡುವ ಏಜಾಕ್ಸ್ ಭಾಗವೇ ಇರುವುದಿಲ್ಲ.