‘ಆಫ್ಟರ್ ದಟ್’ ಬಿಟ್ಟು ಬೇರೆ ಏನು ಬರೆಯಲಿ?

ಪ್ರಶ್ನೆ: ಕಂಪನಿಯೊಂದರ ಆಡಳಿತ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ವರದಿ, ಸಭೆಯ ನಡಾವಳಿ, ಗ್ರಾಹಕರಿಗೆ ಪತ್ರ ಎಲ್ಲವನ್ನೂ ಇಂಗ್ಲಿಷಿನಲ್ಲಿಯೇ ಬರೆಯಬೇಕು. ಒಂದು ಕೆಲಸ ಮುಗಿದು ಇನ್ನೊಂದು ನಡೆಯಿತು ಎನ್ನಬೇಕಾದಾಗಲೆಲ್ಲ ‘ಆಫ್ಟರ್ ದಟ್’, ‘ದೆನ್’ ಎಂದೇ ಬರೆದುಬಿಡುತ್ತೇನೆ. ಮೇಲಧಿಕಾರಿಗಳು ಅದನ್ನು ಹೊಡೆದು ‘ಸಬ್‌ಸಿಕ್ವೆಂಟ್ಲಿ’ ಎಂದು ತಿದ್ದುತ್ತಾರೆ. ಒಮ್ಮೆ ನಾನೇ ಮುಂದಾಗಿ ‘ಕಾನ್ಸಿಕ್ವೆಂಟ್ಲಿ’ ಎಂದು ಹಾಕಿದೆ, ಅದು ತಪ್ಪು ಎಂದರು. ‘ದೇರ್‌ಆಫ್ಟರ್’, ‘ಅಪಾನ್’, ‘ಫರ್ದರ್ ಟು’, ‘ಪರ್ಸೂಯೆಂಟ್ ಟು’ ಇವೆಲ್ಲವೂ ‘ಅನಂತರ’ ಎನ್ನುವುದಕ್ಕೇ ಇರುವ ಪದಗಳೇ? ಯಾವುದನ್ನು ಎಲ್ಲಿ ಬಳಸಬೇಕು?

ಉತ್ತರ: ಅಲ್ಲ, ಇವು ಒಂದೇ ಅರ್ಥದ ಪದಗಳಲ್ಲ. ನಿಮ್ಮ ಪಟ್ಟಿಯಲ್ಲಿ ಕೆಲವು ಕಾಲವನ್ನಷ್ಟೇ ಹೇಳುತ್ತವೆ, ಒಂದು ಕಾರಣವನ್ನು ಹೇಳುತ್ತದೆ, ಒಂದು ಯಾವ ನಿಯಮದ ಬಲದಿಂದ ಕೆಲಸ ನಡೆಯಿತು ಎನ್ನುತ್ತದೆ, ಮತ್ತೊಂದು ಹಿಂದಿನ ಪತ್ರವನ್ನು ನೆನಪಿಸುತ್ತದೆ. ಪದ ಹುಡುಕುವ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ: ಎರಡನೆಯ ಕೆಲಸ ಮೊದಲನೆಯದರ ತರುವಾಯ ಬಂತೋ, ಅದರ ದೆಸೆಯಿಂದ ಬಂತೋ? ಇದು ಸ್ಪಷ್ಟವಾದರೆ ಅರ್ಧ ಗೊಂದಲ ಅಲ್ಲಿಗೇ ತೀರುತ್ತದೆ.

ನಿಮ್ಮನ್ನು ಕಾಡಿದ ಜೋಡಿಯಿಂದಲೇ ಆರಂಭಿಸೋಣ. ‘ಸಬ್‌ಸಿಕ್ವೆಂಟ್ಲಿ’, ‘ಕಾನ್ಸಿಕ್ವೆಂಟ್ಲಿ’ ಎರಡೂ ‘ಹಿಂಬಾಲಿಸು’ ಎಂಬ ಅರ್ಥದ ಒಂದೇ ಲ್ಯಾಟಿನ್ ಧಾತುವಿನಿಂದ ಬಂದವು. ಆದ್ದರಿಂದಲೇ ನೋಡಲು ಅವಳಿಗಳಂತೆ ಕಾಣುತ್ತವೆ. ಆದರೆ ಇಂದಿನ ಬಳಕೆಯಲ್ಲಿ ಮೊದಲನೆಯದಕ್ಕೆ ‘ಆಮೇಲೆ’ ಎಂದಷ್ಟೇ ಅರ್ಥ, ಎರಡನೆಯದಕ್ಕೆ ‘ಅದರ ಪರಿಣಾಮವಾಗಿ’ ಎಂದು ಅರ್ಥ. ಒಂದು ವರದಿಯನ್ನು ಊಹಿಸಿಕೊಳ್ಳಿ: ಸೋಮವಾರ ತಂತ್ರಜ್ಞರು ಯಂತ್ರವನ್ನು ಪರೀಕ್ಷಿಸಿದರು, ಗುರುವಾರ ಯಂತ್ರ ಕೆಟ್ಟಿತು. ನಡುವೆ ‘ಸಬ್‌ಸಿಕ್ವೆಂಟ್ಲಿ’ ಎಂದು ಬರೆದರೆ ನೀವು ಹೇಳಿದ್ದು ಘಟನೆಗಳ ಅನುಕ್ರಮ ಮಾತ್ರ. ‘ಕಾನ್ಸಿಕ್ವೆಂಟ್ಲಿ’ ಎಂದು ಬರೆದರೆ ಯಂತ್ರ ಕೆಟ್ಟದ್ದಕ್ಕೆ ಆ ಪರೀಕ್ಷೆಯೇ ಕಾರಣ ಎಂದು ತಂತ್ರಜ್ಞರ ಮೇಲೆ ಆರೋಪ ಹೊರಿಸಿದಂತಾಯಿತು. ವಿಚಾರಣೆ ನಡೆಯುವ ಕಡತದಲ್ಲಿ ಈ ಒಂದು ಪದ ಒಬ್ಬರ ನೌಕರಿಗೆ ಕುತ್ತು ತರಬಲ್ಲದು. ನಿಮ್ಮ ಮೇಲಧಿಕಾರಿ ಅದನ್ನು ತಿದ್ದಿದ್ದು ಬಹುಶಃ ಇದೇ ಕಾರಣಕ್ಕೆ, ಮತ್ತು ಅವರು ಮಾಡಿದ್ದು ಸರಿ.

ಇದೇ ಎಚ್ಚರ ‘ಫಾಲೋಯಿಂಗ್’ ಪದಕ್ಕೂ ಬೇಕು, ಏಕೆಂದರೆ ಅದು ಕಾಲ ಮತ್ತು ಕಾರಣದ ನಡುವೆ ತೂಗಾಡುತ್ತದೆ. ‘ಫಾಲೋಯಿಂಗ್ ದ ಕಂಪ್ಲೇಂಟ್’ ಎಂದು ಶುರುಮಾಡಿ ನೌಕರರೊಬ್ಬರ ವರ್ಗಾವಣೆಯನ್ನು ಹೇಳಿದರೆ, ದೂರಿನಿಂದಾಗಿಯೇ ವರ್ಗಾವಣೆ ಆಯಿತು ಎಂದು ಓದುವವರು ತಿಳಿಯುತ್ತಾರೆ. ಹಾಗೆ ಹೇಳುವ ಉದ್ದೇಶ ನಿಮಗಿಲ್ಲದಿದ್ದರೆ ‘ಆಫ್ಟರ್’ ಎನ್ನುವುದು ಕೊಂಚ ವಾಸಿ. ದಿನಾಂಕವನ್ನೇ ಕೊಟ್ಟುಬಿಡುವುದು ಎಲ್ಲಕ್ಕಿಂತ ಸುರಕ್ಷಿತ.

‘ಸಬ್‌ಸಿಕ್ವೆಂಟ್ಲಿ’ ಬಳಸುವಾಗ ಇನ್ನೊಂದು ತಪ್ಪು ಪದೇ ಪದೇ ಕಣ್ಣಿಗೆ ಬೀಳುತ್ತದೆ. ಅದು ಕ್ರಿಯಾವಿಶೇಷಣ. ಎರಡು ಪೂರ್ಣ ವಾಕ್ಯಗಳನ್ನು ಹೊಲಿಯುವ ಶಕ್ತಿ ಅದಕ್ಕಿಲ್ಲ. ಅರ್ಜಿ ಸಲ್ಲಿಸಲಾಯಿತು ಎಂದು ಬರೆದು, ಅಲ್ಪವಿರಾಮ ಹಾಕಿ, ‘ಸಬ್‌ಸಿಕ್ವೆಂಟ್ಲಿ’ ಎಂದು ಮುಂದುವರಿಸುವುದು ದೋಷ. ಅಲ್ಲಿ ಪೂರ್ಣವಿರಾಮ ಇಲ್ಲವೇ ಅರ್ಧವಿರಾಮ ಬೇಕು, ಅಥವಾ ಅದರ ಹಿಂದೆ ‘ಆ್ಯಂಡ್’ ಬರಬೇಕು. ‘ದೇರ್‌ಆಫ್ಟರ್’, ‘ಕಾನ್ಸಿಕ್ವೆಂಟ್ಲಿ’, ‘ಅಕಾರ್ಡಿಂಗ್ಲಿ’ ಇವಕ್ಕೂ ಇದೇ ನಿಯಮ. ‘ಆಫ್ಟರ್’ ಮತ್ತು ‘ಒನ್ಸ್’ ಮಾತ್ರ ವಾಕ್ಯಗಳನ್ನು ತಾವೇ ಜೋಡಿಸಬಲ್ಲವು.

‘ದೇರ್‌ಆಫ್ಟರ್’ ಪದದ ನಿಜವಾದ ಸೊಗಸು ಮುಂದುವರಿಯುವ ಕೆಲಸಗಳಲ್ಲಿದೆ. ಮೊದಲ ಕಂತನ್ನು ಜನವರಿಯಲ್ಲಿ ಕಟ್ಟಬೇಕು, ‘ಆ್ಯಂಡ್ ಎವ್ರಿ ಮಂತ್ ದೇರ್‌ಆಫ್ಟರ್’ ಎಂದರೆ ಅಲ್ಲಿಂದ ಮುಂದೆ ಪ್ರತಿ ತಿಂಗಳೂ ಎಂದಾಯಿತು. ಒಪ್ಪಂದಗಳಲ್ಲಿ ಇದಕ್ಕೆ ಸರಿಸಾಟಿಯಾದ ಪದ ಸಿಗುವುದು ಕಷ್ಟ. ‘ದೇರ್‌ಅಪಾನ್’ ಎಂದರೆ ಆ ಕೂಡಲೇ, ಅದರ ಬೆನ್ನಿಗೇ. ಹಳೆಯ ನಡಾವಳಿಗಳಲ್ಲಿ ಕಾಣುತ್ತದೆ. ಇಂದು ‘ಇಮ್ಮೀಡಿಯೆಟ್ಲಿ ಆಫ್ಟರ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ‘ಹೆನ್ಸ್‌ಫೋರ್ತ್’ ಎಂದರೆ ಈಗಿನಿಂದ ಮುಂದೆ, ‘ದೆನ್ಸ್‌ಫೋರ್ತ್’ ಎಂದರೆ ಹಿಂದಿನ ಯಾವುದೋ ಗಳಿಗೆಯಿಂದ ಮುಂದೆ. ಕಳೆದ ವರ್ಷದ ಸಂಗತಿ ಬರೆಯುವಾಗ ‘ಹೆನ್ಸ್‌ಫೋರ್ತ್’ ಹಾಕಬಾರದು.

ಇನ್ನು ‘ಅಪಾನ್’. ಹಣ ತಲುಪಿದ ಮೇಲೆ ಸರಕು ಕಳುಹಿಸುತ್ತೇವೆ ಎನ್ನಲು ‘ಅಪಾನ್ ರಿಸೀಟ್ ಆಫ್ ಪೇಮೆಂಟ್’ ಎಂದು ಬರೆಯುತ್ತಾರೆ. ‘ಆನ್ ರಿಸೀಟ್’ ಎಂದರೂ ಅಷ್ಟೇ ಗಂಭೀರ, ಅಷ್ಟೇ ಶುದ್ಧ. ‘ಅಪಾನ್’ ಎಂದ ಮಾತ್ರಕ್ಕೆ ಪತ್ರದ ತೂಕ ಹೆಚ್ಚುವುದಿಲ್ಲ. ಗಮನಿಸಬೇಕಾದ ಸಂಗತಿ ಬೇರೆಯೇ ಇದೆ: ಈ ರಚನೆ ಕಾಲದ ಜೊತೆಗೆ ಷರತ್ತನ್ನೂ ಹೇಳುತ್ತದೆ. ಹಣ ಬಾರದಿದ್ದರೆ ಸರಕೂ ಹೋಗುವುದಿಲ್ಲ ಎಂಬ ಮಾತು ಅದರೊಳಗೇ ಅಡಗಿದೆ. ಗ್ರಾಹಕರಿಗೆ ಬರೆಯುವಾಗ ಇದು ನಿಮಗೆ ಬೇಕಾದ ರಕ್ಷಣೆಯೂ ಹೌದು.

ಇದನ್ನೇ ‘ಒನ್ಸ್’ ಹಾಕಿ ಬರೆಯುವಾಗ ಬಹಳ ಜನ ‘ವಿಲ್’ ಸೇರಿಸಿ ಎಡವುತ್ತಾರೆ. ‘ಒನ್ಸ್ ದ ಪೇಮೆಂಟ್ ವಿಲ್ ಬಿ ರಿಸೀವ್ಡ್’ ತಪ್ಪು. ‘ಒನ್ಸ್ ದ ಪೇಮೆಂಟ್ ಈಸ್ ರಿಸೀವ್ಡ್’ ಅಥವಾ ‘ಹ್ಯಾಸ್ ಬೀನ್ ರಿಸೀವ್ಡ್’ ಸರಿ. ಇಲ್ಲಿ ನಿಮ್ಮ ಕನ್ನಡವೇ ನಿಮ್ಮನ್ನು ಕಾಪಾಡುತ್ತದೆ. ಹಣ ನಾಳೆ ಬರುವುದಾದರೂ ನಾವು ‘ಹಣ ತಲುಪಿದ ಮೇಲೆ’ ಎನ್ನುತ್ತೇವೆ; ‘ತಲುಪುವ ಮೇಲೆ’ ಎಂದು ಯಾರೂ ಹೇಳುವುದಿಲ್ಲ. ಮುಂದಿನ ಕೆಲಸಕ್ಕೆ ಹೋಲಿಸಿದರೆ ಅದು ಮುಗಿದ ಸಂಗತಿ ಎಂಬ ತಿಳಿವಳಿಕೆ ನಮ್ಮ ಮಾತಿನಲ್ಲಿಯೇ ಇದೆ. ಆ ತಿಳಿವಳಿಕೆಯನ್ನು ನಂಬಿ, ಭವಿಷ್ಯದ ಕ್ರಿಯಾಪದವನ್ನು ವಾಕ್ಯದ ಎರಡನೆಯ ಭಾಗಕ್ಕೆ ಮೀಸಲಿಡಿ.

ಕನ್ನಡ ನೆರವಿಗೆ ಬರುವ ಇನ್ನೊಂದು ಜಾಗ ‘ಹ್ಯಾವಿಂಗ್’. ‘ನೋಡಿ’, ‘ಓದಿ’, ‘ಪರಿಶೀಲಿಸಿ’ ಎಂಬ ನಮ್ಮ ಕೃದಂತಗಳಿಗೆ ಇಂಗ್ಲಿಷಿನಲ್ಲಿ ಅದು ಹತ್ತಿರದ ರೂಪ. ‘ಹ್ಯಾವಿಂಗ್ ರಿವ್ಯೂಡ್ ದ ಅಪ್ಲಿಕೇಶನ್’ ಎಂದರೆ ಅರ್ಜಿಯನ್ನು ಪರಿಶೀಲಿಸಿ ಎಂದರ್ಥ. ಅದರ ಮುಂದೆ ‘ದ ಕಮಿಟಿ ಅಪ್ರೂವ್ಡ್ ಇಟ್’ ಎಂದು ಬಂದರೆ ಚೆನ್ನ, ಏಕೆಂದರೆ ಪರಿಶೀಲಿಸಿದ್ದೂ ಒಪ್ಪಿದ್ದೂ ಒಂದೇ ಸಮಿತಿ. ಆದರೆ ಕಚೇರಿಯ ಪತ್ರಗಳಲ್ಲಿ ಅದರ ಮುಂದೆ ‘ದ ಸರ್ಟಿಫಿಕೇಟ್ ವಾಸ್ ಇಶ್ಯೂಡ್’ ಎಂದು ಬರೆಯುವುದುಂಟು. ಅರ್ಜಿಯನ್ನು ಪರಿಶೀಲಿಸಿದ್ದು ಪ್ರಮಾಣಪತ್ರವೇ? ‘ಅರ್ಜಿಯನ್ನು ಪರಿಶೀಲಿಸಿ ಪ್ರಮಾಣಪತ್ರ ಹೊರಬಂದಿತು’ ಎಂದು ಕನ್ನಡದಲ್ಲಿ ಹೇಳಿ ನೋಡಿದರೆ ಕಿವಿಗೆ ತೊಡಕು ತಟ್ಟನೆ ತಿಳಿಯುತ್ತದೆ. ಎರಡೂ ಕೆಲಸಗಳಿಗೆ ಕರ್ತೃ ಒಬ್ಬರೇ ಇದ್ದಾಗ ಮಾತ್ರ ‘ಹ್ಯಾವಿಂಗ್’ ಬಳಸಿ.

ಉಳಿದ ಎರಡರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಫರ್ದರ್ ಟು’ ಪತ್ರದ ಮೊದಲ ಸಾಲಿನ ಪದ. ಹಿಂದಿನ ಪತ್ರ, ದೂರವಾಣಿ ಮಾತುಕತೆ ಅಥವಾ ಭೇಟಿಯ ಮುಂದುವರಿಕೆಯಾಗಿ ಇದನ್ನು ಬರೆಯುತ್ತಿದ್ದೇನೆ ಎಂದು ಅದು ಸೂಚಿಸುತ್ತದೆ. ಘಟನೆಗಳ ವರದಿಯಲ್ಲಿ ಅದಕ್ಕೆ ಕೆಲಸವಿಲ್ಲ. ‘ಪರ್ಸೂಯೆಂಟ್ ಟು’ ಕಾನೂನಿನ ಪದ. ಒಂದು ಕಲಮು, ಆದೇಶ ಅಥವಾ ಒಪ್ಪಂದಕ್ಕೆ ಅನುಸಾರವಾಗಿ ಎಂದು ಅದರ ಅರ್ಥ. ಊಟದ ವಿರಾಮ ಮುಗಿದ ಮೇಲೆ ಸಭೆ ಮತ್ತೆ ಸೇರಿತು ಎನ್ನಲು ಅದನ್ನು ಬಳಸಿದರೆ ಅರ್ಥವೇ ಕೆಡುತ್ತದೆ.

ಈಗ ಸ್ವಲ್ಪ ನಿಷ್ಠುರವಾದ ಮಾತು, ಇದು ನಿಮ್ಮ ಮೇಲಧಿಕಾರಿಗಳಿಗೂ ತಲುಪಲಿ. ‘ಆಫ್ಟರ್’ ಅನೌಪಚಾರಿಕ ಪದವೇನೂ ಅಲ್ಲ. ಎಂಥ ಗಂಭೀರ ದಾಖಲೆಯಲ್ಲಿಯೂ ಅದು ತಲೆ ಎತ್ತಿ ನಿಲ್ಲುತ್ತದೆ. ‘ಸಬ್‌ಸಿಕ್ವೆಂಟ್ ಟು’ ಎಂಬ ಭಾರದ ಪದಪುಂಜ ಅದಕ್ಕಿಂತ ಹೆಚ್ಚಿನದೇನನ್ನೂ ಹೇಳುವುದಿಲ್ಲ. ಅಮೆರಿಕದಲ್ಲಿ 2010ರಲ್ಲಿ ಸರಳ ಬರವಣಿಗೆಯ ಕಾಯ್ದೆಯೇ ಬಂತು. ಜನರಿಗಾಗಿ ಬರೆಯುವ ಕಾಗದಪತ್ರಗಳು ಅವರಿಗೆ ತಿಳಿಯುವಂತಿರಬೇಕು ಎಂದು ಅದು ಅಲ್ಲಿನ ಕೇಂದ್ರ ಸರ್ಕಾರದ ಇಲಾಖೆಗಳಿಗೆ ವಿಧಿಸಿತು. 2023ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯೂ ಸರಳ ಭಾಷೆಗೆ ಒಂದು ಮಾನಕವನ್ನು ಪ್ರಕಟಿಸಿತು. ಇಂಗ್ಲಿಷ್ ಮನೆಮಾತಾಗಿರುವವರೇ ಭಾರದ ಪದಗಳನ್ನು ಇಳಿಸುತ್ತಿರುವಾಗ ನಾವು ಅವನ್ನು ಆಯ್ದು ಹೊತ್ತುಕೊಳ್ಳುವುದು ಬೇಡ.

ಹಾಗಾದರೆ ನಿಮ್ಮ ವರದಿಯಲ್ಲಿ ಇರುವ ಕೊರತೆ ಏನು? ಪ್ರತಿ ವಾಕ್ಯವೂ ‘ಆಫ್ಟರ್ ದಟ್’ ಎಂದೇ ಶುರುವಾಗುವುದು. ಘಟನೆಗಳನ್ನು ನಡೆದ ಕ್ರಮದಲ್ಲಿಯೇ ಬರೆದಿದ್ದರೆ ಒಂದರ ನಂತರ ಒಂದು ಆಯಿತೆಂದು ಓದುವವರಿಗೆ ತಾನಾಗಿಯೇ ಗೊತ್ತಾಗುತ್ತದೆ, ಸಾಲು ಸಾಲಿಗೂ ನೆನಪಿಸಬೇಕಿಲ್ಲ. ಹತ್ತು ಕಡೆ ‘ಆಫ್ಟರ್ ದಟ್’ ಇದ್ದ ಪುಟದಲ್ಲಿ ಹತ್ತು ‘ಸಬ್‌ಸಿಕ್ವೆಂಟ್ಲಿ’ ತುಂಬಿದರೆ ಬೇಸರ ಹೆಚ್ಚುವುದೇ ಹೊರತು ಗಾಂಭೀರ್ಯ ಬರುವುದಿಲ್ಲ. ನಿಮ್ಮ ಹಳೆಯ ವರದಿಯೊಂದನ್ನು ತೆಗೆದುಕೊಂಡು ಈ ಪದಗಳನ್ನೆಲ್ಲ ಅಳಿಸಿ ಓದಿ. ಎಲ್ಲಿ ಅರ್ಥ ಕೆಡುತ್ತದೆಯೋ ಅಲ್ಲಿ ಮಾತ್ರ ಒಂದನ್ನು ಮರಳಿ ಸೇರಿಸಿ; ಸಾಧ್ಯವಿದ್ದಲ್ಲಿ ಅದರ ಬದಲು ದಿನಾಂಕವನ್ನೋ ಸಮಯವನ್ನೋ ಕೊಡಿ.

ಪ್ರಶ್ನೆ: ‘ಪೋಸ್ಟ್ ಮೀಟಿಂಗ್ ಮಾತನಾಡೋಣ’ ಎಂದು ನಮ್ಮ ಕಚೇರಿಯಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ‘ಆಫ್ಟರ್’ ಬದಲು ‘ಪೋಸ್ಟ್’ ಸರಿಯೇ? ಹಾಗೆಯೇ ‘ಇನ್ ಡ್ಯೂ ಕೋರ್ಸ್’ ಎಂದರೆ ಎಷ್ಟು ದಿನ?

ಉತ್ತರ: ‘ಪೋಸ್ಟ್’ ಮೂಲತಃ ಉಪಸರ್ಗ. ‘ಪೋಸ್ಟ್‌ಆಪರೇಟಿವ್’ ಎಂಬಂತೆ ಇನ್ನೊಂದು ಪದಕ್ಕೆ ಅಂಟಿಕೊಂಡಾಗ ಅದು ಎಲ್ಲರಿಗೂ ಒಪ್ಪಿತ. ಬಿಡಿಪದವಾಗಿ ಬಳಸುವುದು ಮಿಂಚಂಚೆಗಳಲ್ಲಿ ಹಬ್ಬಿದೆ, ಸಹೋದ್ಯೋಗಿಗಳ ನಡುವೆ ಅದರಿಂದ ತೊಂದರೆಯಿಲ್ಲ. ಹೊರಗಿನವರಿಗೆ ಹೋಗುವ ಪತ್ರದಲ್ಲಿ ‘ಆಫ್ಟರ್ ದ ಮೀಟಿಂಗ್’ ಎಂದೇ ಬರೆಯಿರಿ.

‘ಇನ್ ಡ್ಯೂ ಕೋರ್ಸ್’ ಎಂದರೆ ಸಕಾಲದಲ್ಲಿ ಎಂದು ಅರ್ಥ. ಅದರಲ್ಲಿ ಯಾವ ಗಡುವೂ ಇಲ್ಲ, ನಾಳೆಯೂ ಆಗಬಹುದು, ಮುಂದಿನ ವರ್ಷವೂ ಆಗಬಹುದು. ಉತ್ತರಕ್ಕಾಗಿ ಕಾಯುತ್ತಿರುವವರಿಗೆ ಅದನ್ನು ಬರೆಯುವುದು ನನಗೆ ಸರಿಕಾಣುವುದಿಲ್ಲ. ‘ವಿದಿನ್ ಟೆನ್ ಡೇಸ್’ ಎಂದೋ, ನಿರ್ದಿಷ್ಟ ದಿನಾಂಕವನ್ನೋ ಬರೆಯಿರಿ. ದಿನ ಇನ್ನೂ ನಿಗದಿಯಾಗಿಲ್ಲದಿದ್ದರೆ ಯಾವ ಕೆಲಸ ಮುಗಿದ ಮೇಲೆ ಉತ್ತರ ಬರುತ್ತದೆ ಎಂಬುದನ್ನಾದರೂ ತಿಳಿಸಿ.