ಜರಡಿ ಎಲ್ಲಿದೆ?

ನಮಸ್ಕಾರ,

ನೀವು ಚಿಕ್ಕಮಗಳೂರಿನಿಂದ ಕಳಿಸಿದ ‘ಜೀವಕೋಶದ ಜಾಣತನ’ ಲೇಖನವನ್ನು ಎರಡು ಸಲ ಓದಿದೆ. ಒಮ್ಮೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ, ಇನ್ನೊಮ್ಮೆ ಮನೆಯಲ್ಲಿ ಪೆನ್ಸಿಲ್ ಹಿಡಿದು. ಈಗ ಇರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಪ್ರಶ್ನೆ ತುಂಬಾ ಚೆನ್ನಾಗಿದೆ. ಕೋಶ ಬೆಳೆಯುತ್ತದೆ, ಎರಡಾಗುತ್ತದೆ, ಮತ್ತೆ ಬೆಳೆಯುತ್ತದೆ. ಎಷ್ಟು ತಲೆಮಾರು ಕಳೆದರೂ ಗಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದಲ್ಲ, ಹೇಗೆ? “ಕೋಶಕ್ಕೆ ತನ್ನ ಗಾತ್ರ ಗೊತ್ತಿರುತ್ತದೆ” ಅನ್ನುವುದು ನೀವು ಕೊಟ್ಟ ಉತ್ತರ. ಅದು ಉತ್ತರ ಅಲ್ಲ, ಪ್ರಶ್ನೆಯನ್ನೇ ತಿರುಗಿಸಿ ಇಟ್ಟಿದ್ದು. ಗೊತ್ತಾಗುವುದು ಹೇಗೆ? ಓದುಗ ಕಾಯುತ್ತಿರುವುದು ಅದಕ್ಕೆ. ಜಾಣತನ ಎಂಬ ಪದ ಹನ್ನೊಂದು ಕಡೆ ಇದೆ, ಎಲ್ಲವನ್ನೂ ಹೊಡೆದು ಹಾಕಿ.

ಆಮೇಲೆ ಆ ಗಡಿಯಾರದ ಹೋಲಿಕೆ. ಕೋಶ ಹೊತ್ತು ನೋಡಿಕೊಂಡು ಎರಡಾಗುತ್ತದೆ ಎಂದಿದ್ದೀರಿ. ಲೆಕ್ಕ ಹಾಕಿ ನೋಡಿ. ಎಲ್ಲ ಕೋಶಗಳೂ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಿ ಅರ್ಧವಾಗುತ್ತಾ ಹೋದರೆ ದೊಡ್ಡದಾಗಿ ಹುಟ್ಟಿದ್ದು ದೊಡ್ಡದಾಗಿಯೇ ಉಳಿಯುತ್ತದೆ, ಚಿಕ್ಕದು ಚಿಕ್ಕದಾಗಿಯೇ, ಜೊತೆಗೆ ಪ್ರತಿ ಸಲದ ಸಣ್ಣಪುಟ್ಟ ಏರುಪೇರು ಕೂಡುತ್ತಾ ಹೋಗಿ ಗಾತ್ರ ಹಿಡಿತಕ್ಕೇ ಸಿಗುವುದಿಲ್ಲ. ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ 2014ರ ಸುಮಾರಿಗೆ ಅಳೆದು ನೋಡಿದಾಗ ಕಂಡದ್ದೇ ಬೇರೆ. ಹುಟ್ಟಿದಾಗ ಉದ್ದ ಎಷ್ಟೇ ಇರಲಿ, ಎರಡಾಗುವ ಮುಂಚೆ ಅದು ಸರಾಸರಿ ಒಂದೇ ಅಳತೆಯಷ್ಟು ಸೇರಿಸಿಕೊಳ್ಳುತ್ತದೆ. ಆ ಅಳತೆ 2 ಮೈಕ್ರಾನ್ ಅಂತ ಇಟ್ಟುಕೊಳ್ಳಿ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). 3 ಇದ್ದದ್ದು 5 ಆಗಿ 2.5ಕ್ಕೆ ಇಳಿಯುತ್ತದೆ, ಮುಂದಿನ ಸಲ 4.5 ಆಗಿ 2.25. 1 ಇದ್ದದ್ದು 3 ಆಗಿ 1.5, ಆಮೇಲೆ 1.75. ಎರಡೂ 2ರ ಕಡೆಗೇ ಬರುತ್ತಿವೆ, ಅಲ್ವಾ? ಇದು ಮೊದಲ ಸಲ ತಿಳಿದ ದಿನ ನಾನು ಕಾಗದದ ಮೇಲೆ ಹತ್ತು ತಲೆಮಾರು ಬರೆದು ನೋಡಿದ್ದೆ. ನಿಮ್ಮ ಓದುಗರಿಗೂ ಆ ಖುಷಿ ಸಿಗಲಿ.

ಒಂದು ತಪ್ಪು ಮಾತ್ರ ತಿದ್ದಲೇಬೇಕು. ಬ್ರೆಡ್ಡಿನ ಯೀಸ್ಟ್ “ನಡುವೆ ಸೀಳಿ ಸಮಪಾಲಾಗುತ್ತದೆ” ಎಂದು ಬರೆದಿದ್ದೀರಿ. ಇಲ್ಲ, ಅದು ಮೊಗ್ಗು ಬಿಡುತ್ತದೆ. ಮರಿಕೋಶ ತಾಯಿಗಿಂತ ಚಿಕ್ಕದು, ಹಾಗಾಗಿ ತಾನು ಎರಡಾಗುವ ಸುತ್ತು ಶುರು ಮಾಡುವ ಮುಂಚೆ ಜಾಸ್ತಿ ಹೊತ್ತು ಬೆಳೆಯುತ್ತದೆ. ನಡುವೆ ಸೀಳುವುದು ಪಾಂಬೆ ಎಂಬ ಇನ್ನೊಂದು ಯೀಸ್ಟ್, ಸುಮಾರು 14 ಮೈಕ್ರಾನ್ ಉದ್ದವಾದಾಗ. ಎಡಿನ್‌ಬರೋದಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿ ಪಾಲ್ ನರ್ಸ್ 1975ರಲ್ಲಿ ವರದಿ ಮಾಡಿದ ಪಾಂಬೆಯ ರೂಪಾಂತರಿ ತಳಿ ಅದರ ಅರ್ಧದಷ್ಟು ಗಾತ್ರಕ್ಕೇ ಎರಡಾಗುತ್ತಿತ್ತು. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ‘ವೀ’ ಅಂದರೆ ಪುಟ್ಟ. ಆ ತಳಿಯಲ್ಲಿ ಕೆಟ್ಟಿದ್ದ ಜೀನಿಗೆ ವೀ1 ಎಂದೇ ಹೆಸರಾಯಿತು. ಅದು ಬ್ರೇಕಿನ ಕೆಲಸ ಮಾಡುತ್ತದೆ. ಬ್ರೇಕು ಕೆಟ್ಟರೆ ಕೋಶ ಸಾಕಷ್ಟು ಬೆಳೆಯುವ ಮುಂಚೆಯೇ ಎರಡಾಗಿಬಿಡುತ್ತದೆ. ನಿಮ್ಮ ಲೇಖನದಲ್ಲಿ ನರ್ಸ್ ಅವರ 2001ರ ನೊಬೆಲ್ ಇದೆ, ಬ್ರೇಕು ಇಲ್ಲ. ಬಹುಮಾನ ಬಿಟ್ಟು ಬ್ರೇಕಿನ ಬಗ್ಗೆ ಬರೆಯಿರಿ.

ಇನ್ನು ನಾಲ್ಕನೇ ಪುಟ. ನಿಮ್ಮ ಅಮ್ಮ ಕೆಲಸ ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜ ಜರಡಿಯ ಮೇಲೆ ಕುಣಿಯುತ್ತಾ ದಪ್ಪದ್ದು ಒಂದು ಕಡೆ, ಸಣ್ಣದು ಒಂದು ಕಡೆ ಬೀಳುವುದನ್ನು ನೋಡುತ್ತಾ ನಿಂತಿದ್ದ ಆ ಎಂಟು ಸಾಲು. ಇಡೀ ಲೇಖನದ ಜೀವ ಅಲ್ಲಿದೆ, ನೀವು ಸುಮ್ನೆ ದಾಟಿ ಹೋಗಿದ್ದೀರಿ! ಬೀಜವನ್ನು ಅಳೆಯಲು ಹೊರಗೊಂದು ಜರಡಿ ಇದೆ. ಕೋಶಕ್ಕೆ ಅದಿಲ್ಲ, ಅಳತೆ ಒಳಗೇ ಆಗಬೇಕು. ಬ್ರೆಡ್ ಯೀಸ್ಟಿನ ಬಗ್ಗೆ 2015ರಲ್ಲಿ ಬಂದ ವಿವರಣೆ ಹೀಗಿದೆ: ತಡೆಯೊಡ್ಡುವ ಒಂದು ಪ್ರೋಟೀನ್ ಇದ್ದಷ್ಟೇ ಇರುತ್ತದೆ, ಕೋಶ ಮಾತ್ರ ಹಿಗ್ಗುತ್ತದೆ, ಡಿಕಾಕ್ಷನ್ನಿಗೆ ನೀರು ಬೆರೆಸಿದ ಹಾಗೆ ಆ ಪ್ರೋಟೀನ್ ತೆಳುವಾಗುತ್ತಾ ಬಂದು ಕೊನೆಗೆ ತಡೆ ಸಡಿಲವಾಗುತ್ತದೆ. ಆಮೇಲೆ ಬೇರೆ ಲ್ಯಾಬುಗಳು ಅಳೆದಾಗ ಅದು ಅಷ್ಟು ತೆಳುವಾಗಿದ್ದು ಕಾಣಲಿಲ್ಲ, ವಾದ ಇನ್ನೂ ಮುಗಿದಿಲ್ಲ. ಆ ವಾದವನ್ನೂ ಬರೆಯಿರಿ, ಮುಚ್ಚಿಡಬೇಡಿ.

ಮೊದಲ ಎರಡು ಪುಟ ತೆಗೆದುಬಿಡಿ, ಜರಡಿಯಿಂದಲೇ ಶುರು ಮಾಡಿ. ಬರೆದ ಮೇಲೆ ಅಮ್ಮನಿಗೆ ಓದಿ ಹೇಳಿ. “ಹಂಗಾದ್ರೆ ಅಳೆಯೋದು ಯಾರು?” ಅಂತ ಅವರು ತಡೆದು ಕೇಳಿದ ಕಡೆಯೆಲ್ಲ ಗುರುತು ಹಾಕಿಕೊಂಡು ಇನ್ನೊಂದು ಸಲ ತಿದ್ದಿ ಕಳಿಸಿ. ಮೂರು ಪುಟ ಮೀರುವುದು ಬೇಡ.